ಕಿತ್ತ ವೈರುಗಳು ಬಿಟ್ಟುಹೋದ ತೊಂದರೆ: ಬಳ್ಳಾರಿಯ ಒಂದು ಆಟೋ ಎಲೆಕ್ಟ್ರಿಕ್ ಅಂಗಡಿಯ ಕೆಲಸ

ಬಳ್ಳಾರಿಯ ಸಿರುಗುಪ್ಪ ರಸ್ತೆಯ ಬದಿಯಲ್ಲಿ, ಒಂದು ಟೈರಿನ ಅಂಗಡಿಗೂ ರೇಡಿಯೇಟರ್ ಬೆಸೆಯುವವರಿಗೂ ನಡುವೆ, ಒಂದೇ ಷಟರಿನ ಆಟೋ ಎಲೆಕ್ಟ್ರಿಕ್ ಅಂಗಡಿಯಿದೆ. ಅದರ ಫಲಕದ ಅಕ್ಷರಗಳನ್ನು ಬಿಸಿಲು ತಿಂದುಹಾಕಿದೆ. ಮಾಲೀಕರು ತಮ್ಮ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಕೇಳಿಕೊಂಡಿದ್ದಾರೆ, ಏಕೆಂದರೆ ಈಗ ಬರುತ್ತಿರುವ ಗಾಡಿಗಳನ್ನೇ ಹೇಳಿದ ದಿನಕ್ಕೆ ಮುಗಿಸಿಕೊಡಲು ಅವರಿಗೆ ಆಗುತ್ತಿಲ್ಲ. ಅವರ ಮಾತನ್ನು ಉಳಿಸಿಕೊಂಡು, ನನ್ನ ಹಳೆಯ ಮಾರುತಿ 800 ಕಾರು ಅಲ್ಲಿದ್ದ ಮೂರು ದಿನಗಳಲ್ಲಿ ಏನಾಯಿತು, ಅದಕ್ಕೆ ಕೊಟ್ಟ ಹಣ ತೂಗಿತೇ ಎಂಬುದನ್ನಷ್ಟೇ ಬರೆಯುತ್ತೇನೆ. ತೂಗಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದೂರುಗಳೂ ಇವೆ, ಅವು ಮುಂದೆ ಬರುತ್ತವೆ.

ಕಾರು 2005ರ ಮಾದರಿ, ಎಂಪಿಎಫ್‌ಐ (ಪೆಟ್ರೋಲನ್ನು ಕಂಪ್ಯೂಟರಿನ ಲೆಕ್ಕದಲ್ಲಿ ಚಿಮ್ಮಿಸುವ) ಎಂಜಿನ್ನಿನದು, ಕೆಎ-35ರ ಹೊಸಪೇಟೆ ನೋಂದಣಿ. ನನ್ನ ಸಂಬಂಧಿಕರ ಮಗ ಕಾಲೇಜಿನ ದಿನಗಳಲ್ಲಿ ಓಡಿಸಿದ ಗಾಡಿಯಾದ್ದರಿಂದ ಅವನ ಆ ವಯಸ್ಸಿನ ಉತ್ಸಾಹವೆಲ್ಲ ಡ್ಯಾಶ್‌ಬೋರ್ಡಿನ ಹಿಂದೆ ಸೇರಿಕೊಂಡಿತ್ತು. ರಿಮೋಟ್ ಅಲಾರಂ, ಸೆಂಟ್ರಲ್ ಲಾಕ್, ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಮತ್ತು ವೂಫರ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು) ಕಿಟ್ ಸಮೇತ 100/90 ವ್ಯಾಟ್ (ಹೈಬೀಮು/ಲೋಬೀಮು) ಹೆಡ್‌ಲೈಟ್ ಬಲ್ಬು, ಕಾಲ ಬಳಿ ನೀಲಿ ದೀಪದ ಪಟ್ಟಿ, ಹಿಂದಕ್ಕೆ ತೆಗೆದಾಗಲೆಲ್ಲ ರಾಗ ಹಾಡುವ ರಿವರ್ಸ್ ಹಾರ್ನ್. 1983ರಿಂದ 2014ರವರೆಗೆ ತಯಾರಾದ ಈ ಕಾರಿನ ದೊಡ್ಡ ಗುಣವೇ ಅದರ ಸರಳತೆ. ಅದರ ಮೂಲ ವೈರಿಂಗನ್ನು ಒಂದು ದೊಡ್ಡ ಹಾಳೆಯಲ್ಲಿ ಬಿಡಿಸಿ ತೋರಿಸಬಹುದು. ನನ್ನ ಪಾಲಿಗೆ ಬಂದ ಗಾಡಿಯಲ್ಲಿ ಆ ಮೂಲ ವೈರುಗಳ ಮೇಲೆ ಇನ್ನೊಂದು ಊರೇ ಬೆಳೆದು ನಿಂತಿತ್ತು.

ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಇಪ್ಪತ್ತನೆಯ ವರ್ಷದ ತಪಾಸಣೆಗೆ ಒಯ್ಯುವ ಮುನ್ನ ಈ ಅಲಂಕಾರಗಳನ್ನೆಲ್ಲ ತೆಗೆಸಿಬಿಡೋಣವೆಂದು ಮನೆಗೆ ಹತ್ತಿರದ ಒಂದು ಗ್ಯಾರೇಜಿಗೆ ಕಾರನ್ನು ಕೊಟ್ಟೆ. ಅದರ ಹೆಸರೂ ಇಲ್ಲಿ ಬೇಡ. ಒಂದು ಮಧ್ಯಾಹ್ನದಲ್ಲಿ, ಒಂದು ಕಟಿಂಗ್ ಪ್ಲೈಯರ್ ಮತ್ತು ಎರಡು ಸುರುಳಿ ಕಪ್ಪು ಟೇಪಿನಲ್ಲಿ ಕೆಲಸ ಮುಗಿಯಿತು. ಕೂಲಿ 600 ರೂಪಾಯಿ. ಬಾನೆಟ್ಟಿನ ಮೇಲೆ ರಾಶಿ ಬಿದ್ದ ವೈರುಗಳನ್ನು ನೋಡಿ ನನಗೆ ಸಂತೋಷವೇ ಆಗಿತ್ತೆಂದು ಒಪ್ಪಿಕೊಳ್ಳಬೇಕು. ಮೂಲ ವೈರನ್ನು ನಡುವೆ ಕತ್ತರಿಸಿ ಅಲ್ಲಿ ಹೊರಗಿನ ಸಾಮಾನನ್ನು ಸೇರಿಸಿದ್ದರೆ, ಆ ಸಾಮಾನನ್ನು ಕಿತ್ತ ಕೂಡಲೇ ಮೂಲ ದಾರಿಯೇ ತುಂಡಾಗುತ್ತದೆ ಎಂಬ ಸರಳ ಸಂಗತಿ ಆಗ ನನಗೂ ಹೊಳೆದಿರಲಿಲ್ಲ, ಪ್ಲೈಯರ್ ಹಿಡಿದವನಿಗೂ ಹೊಳೆದಿರಲಿಲ್ಲ.

ತೊಂದರೆಗಳು ಒಂದೊಂದಾಗಿ ಕಾಣಿಸಿಕೊಂಡವು. ಎರಡು ದಿನ ನಿಲ್ಲಿಸಿದರೆ ಮೂರನೆಯ ಬೆಳಿಗ್ಗೆ ಸೆಲ್ಫ್ ಮೋಟಾರು 'ಟಕ್' ಎಂದು ಸುಮ್ಮನಾಗುತ್ತಿತ್ತು. ಬ್ಯಾಟರಿ ಸರಿಯಿದ್ದ ದಿನ ಸೆಲ್ಫ್ ಚೆನ್ನಾಗಿ ತಿರುಗಿದರೂ, ಬಿಸಿಲಲ್ಲಿ ನಿಂತಿದ್ದ ಗಾಡಿ ಕೆಲವೊಮ್ಮೆ ಹೊತ್ತಿಕೊಳ್ಳುತ್ತಿರಲಿಲ್ಲ. ಬಲಗಡೆಯ ಇಂಡಿಕೇಟರು ಗಾಬರಿ ಬಿದ್ದಂತೆ ಬಡಬಡನೆ ಮಿನುಗುತ್ತಿತ್ತು. ಬ್ರೇಕ್ ಒತ್ತಿದರೆ ಹಿಂದಿನ ಪಾರ್ಕಿಂಗ್ ದೀಪ ಮಂಕಾಗಿ ಹೊತ್ತಿಕೊಳ್ಳುತ್ತಿತ್ತು. ಹೆಡ್‌ಲೈಟು ಹಾಕಿದರೆ ರಸ್ತೆಗಿಂತ ಹೆಚ್ಚಾಗಿ ಸ್ವಿಚ್ಚೇ ಬಿಸಿಯಾಗುತ್ತಿತ್ತು. ಕಿತ್ತವರನ್ನು ಕೇಳಿದಾಗ 'ಬ್ಯಾಟರಿ ಹೋಗಿದೆ ಸಾರ್' ಎಂಬ ಉತ್ತರ ಬಂತು. ಹೊಸ 35 ಆಂಪ್-ಅವರ್ ಬ್ಯಾಟರಿ ಹಾಕಿಸಿದೆ. ಅದೂ ಮೂರನೆಯ ಬೆಳಿಗ್ಗೆಯೇ ಮಲಗಿತು.

ಸಿರುಗುಪ್ಪ ರಸ್ತೆಯ ಅಂಗಡಿಗೆ ಕಾರು ಹೋದದ್ದು ಇದಾದ ಮೇಲೆ, ಬೇರೊಂದು ಗಾಡಿ ಕಟ್ಟಿಕೊಂಡು ಎಳೆಸಿಕೊಂಡು. ಮೊದಲ ಒಂದು ಗಂಟೆ ಮಾಲೀಕರು ಒಂದು ಸ್ಪಾನರನ್ನೂ ಮುಟ್ಟಲಿಲ್ಲ. ಏನೇನು ಹಾಕಿಸಿದ್ದರು, ಏನೇನು ಕಿತ್ತರು, ಕಿತ್ತ ಮೇಲೆ ಯಾವ ತೊಂದರೆ ಮೊದಲು ಬಂತು, ಯಾವುದು ಆಮೇಲೆ ಸೇರಿಕೊಂಡಿತು ಎಂದು ಕೇಳಿ, ನನ್ನ ಕೈಯಲ್ಲೇ ಒಂದು ಕಾಗದದ ಮೇಲೆ ಬರೆಸಿದರು. ಆಮೇಲೆ ಗೋಡೆಯ ಪೆಟ್ಟಿಗೆಯಿಂದ, ಮಡಿಕೆಗಳಲ್ಲಿ ಹರಿದು ಸೆಲ್ಲೋಟೇಪು ಹಚ್ಚಿದ, ಈ ಮಾದರಿಯ ವೈರಿಂಗ್ ನಕ್ಷೆಯ ಜೆರಾಕ್ಸ್ ಪ್ರತಿಯನ್ನು ತೆಗೆದರು. ಕಾರ್ಖಾನೆಯ ವೈರಿಗೆ ಒಂದು ಮೈಬಣ್ಣ, ಅದರ ಮೇಲೆ ಬೇರೆ ಬಣ್ಣದ ಒಂದು ಗೆರೆ ಇರುವುದು ರೂಢಿ. ಹೊರಗಿನವರು ಹಾಕಿದ ವೈರುಗಳು ಹೆಚ್ಚಾಗಿ ಗೆರೆಯಿಲ್ಲದ ಒಂದೇ ಬಣ್ಣದವು. ಡ್ಯಾಶಿನ ಕೆಳಗೆ ತಲೆ ತೂರಿಸಿ, ಗೆರೆಯಿಲ್ಲದ ವೈರು ಇನ್ನೂ ಎಲ್ಲೆಲ್ಲಿ ಉಳಿದಿದೆ ಎಂಬುದನ್ನು ಸೀಮೆಸುಣ್ಣದಲ್ಲಿ ಗುರುತಿಸುತ್ತಾ ಹೋದರು. ನಡುವೆ ಒಮ್ಮೆ ಹೊರಗೆ ಬಂದು, 'ವೈರು ಕಿತ್ತಾರ ಸಾರ್, ಕರೆಂಟು ಯಾ ಕಡಿಂದ ಯಾ ಕಡಿಗೆ ಹೊಂಟಿತ್ತಂತ ನೋಡಿಲ್ಲ' ಎಂದರು.

ಬ್ಯಾಟರಿ ಇಳಿಯುವ ರೋಗವನ್ನು ಅವರು ಹಿಡಿದ ಬಗೆಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದೇ ಪರೀಕ್ಷೆಯನ್ನು ನಾನು ಮನೆಯಲ್ಲಿ ಮಾಡಿ ಎರಡು ಸಲ ಕೆಟ್ಟಿದ್ದೆ. ಬ್ಯಾಟರಿಯ ಮೈನಸ್ ಕೇಬಲ್ಲನ್ನು ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಯ ತುದಿಗೂ ನಡುವೆ ಮಲ್ಟಿಮೀಟರನ್ನು 10 ಆಂಪ್ ಸ್ಥಾನದಲ್ಲಿ ಸೇರಿಸಿದರೆ, ಕೀ ತೆಗೆದ ಗಾಡಿ ಸುಮ್ಮನೆ ಕುಡಿಯುವ ಕರೆಂಟು ಎಷ್ಟೆಂದು ಕಾಣುತ್ತದೆ. ಮೊದಲ ಸಲ ನಾನು ಬಾಗಿಲು ತೆರೆದಿಟ್ಟೇ ಅಳೆದಿದ್ದೆ. ಒಳಗಿನ ದೀಪ ಉರಿಯುತ್ತಿದ್ದರಿಂದ ಅರ್ಧ ಆಂಪಿಗಿಂತ ಹೆಚ್ಚು ಬಂದು, ದೋಷ ಸಿಕ್ಕಿತೆಂದು ಹಿಗ್ಗಿದ್ದೆ. ಎರಡನೆಯ ಸಲ ಮೀಟರು ಸೇರಿಸಿದ್ದನ್ನು ಮರೆತು ಕೀ ತಿರುಗಿಸಿ, ಸೆಲ್ಫಿನ ಹೊರೆಗೆ ಮೀಟರಿನ ಫ್ಯೂಸನ್ನು ಸುಟ್ಟುಕೊಂಡಿದ್ದೆ. ಇವರು ಬಾಗಿಲಿನ ಸ್ವಿಚ್ಚನ್ನು ಒತ್ತಿ ಟೇಪು ಹಚ್ಚಿ, ಬಾನೆಟ್ಟು ತೆರೆದಿಟ್ಟು, ಒಂದು ಚಹಾ ಮುಗಿಯುವವರೆಗೆ ಕಾದು ಆಮೇಲೆ ನೋಡಿದರು. 0.38 ಆಂಪ್.

ಇಂಥ ಹಳೆಯ ಕಾರಿನಲ್ಲಿ ರೇಡಿಯೋದ ನೆನಪು, ಗಡಿಯಾರ, ಎಂಜಿನ್ ಕಂಪ್ಯೂಟರು ಎಲ್ಲ ಸೇರಿದರೂ 0.05 ಆಂಪನ್ನು ದಾಟಬಾರದು. 0.38 ಆಂಪನ್ನು ಇಪ್ಪತ್ನಾಲ್ಕು ಗಂಟೆಗೆ ಗುಣಿಸಿದರೆ ದಿನಕ್ಕೆ ಒಂಬತ್ತು ಆಂಪ್-ಅವರ್. ಎರಡು ದಿನ ಕಳೆಯುವಷ್ಟರಲ್ಲಿ 35ರ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ನನ್ನ ಮೂರನೆಯ ಬೆಳಿಗ್ಗೆಯ ಲೆಕ್ಕ ಅಲ್ಲಿಗೆ ಸರಿಹೋಯಿತು, ಹೊಸ ಬ್ಯಾಟರಿಗೆ ಸುರಿದ ಹಣವೂ ಸುಮ್ಮನೆ ಹೋಯಿತೆಂದು ಗೊತ್ತಾಯಿತು. ಆಮೇಲೆ ಅವರು ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮೀಟರನ್ನು ನೋಡುತ್ತಾ ಹೋದರು. ಒಳದೀಪದ ಫ್ಯೂಸನ್ನು ಕಿತ್ತಾಗ 0.38 ಇದ್ದದ್ದು ಒಮ್ಮೆಲೇ 0.02ಕ್ಕೆ ಇಳಿಯಿತು. ಆ ಫ್ಯೂಸಿನಿಂದ ಹೊರಟ ವೈರನ್ನು ಹಿಡಿದು ಹೋದರೆ, ಎಡಬದಿಯ ಕಾಲಿನ ಪಕ್ಕದ ಪ್ಲಾಸ್ಟಿಕ್ ಹಲಗೆಯ ಹಿಂದೆ ಸೆಂಟ್ರಲ್ ಲಾಕಿನ ನಿಯಂತ್ರಣ ಪೆಟ್ಟಿಗೆ ಇದ್ದಲ್ಲಿಯೇ ಇತ್ತು. ಕಿತ್ತವರು ಬಾಗಿಲಿನೊಳಗಿನ ಮೋಟಾರುಗಳನ್ನೂ ಕೈಗೆ ಸಿಕ್ಕ ವೈರುಗಳನ್ನೂ ತೆಗೆದಿದ್ದರು. ಕಣ್ಣಿಗೆ ಬೀಳದ ಪೆಟ್ಟಿಗೆ ಉಳಿದಿತ್ತು. ಅದರ ಸೂಚನೆ ತರುವ ವೈರು ತುಂಡಾಗಿದ್ದರಿಂದ ಒಳಗಿನ ಎರಡು ರಿಲೇಗಳು ಹಗಲೂ ರಾತ್ರಿ ಎಳೆದುಕೊಂಡೇ ಕೂತಿದ್ದವು. ಒಂದು ಸಾಧಾರಣ 12 ವೋಲ್ಟ್ ರಿಲೇಯ ಕಾಯಿಲ್ 0.15 ಆಂಪಿನ ಆಸುಪಾಸು ಕುಡಿಯುತ್ತದೆ. ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು.

ಇದನ್ನು ಹುಡುಕುವಾಗಲೇ ಸಿಕ್ಕ ಇನ್ನೊಂದು ವಸ್ತು ನನ್ನ ನಿದ್ದೆ ಕೆಡಿಸಿತು. ಆಂಪ್ಲಿಫೈಯರ್ ತೆಗೆದವರು ಅದಕ್ಕೆ ಬ್ಯಾಟರಿಯಿಂದ ನೇರವಾಗಿ ಬಂದಿದ್ದ ಕಿರುಬೆರಳು ಗಾತ್ರದ ಕೆಂಪು ಕೇಬಲ್ಲನ್ನು ಹಾಗೆಯೇ ಬಿಟ್ಟಿದ್ದರು. ಒಂದು ತುದಿ ಬ್ಯಾಟರಿಯ ಪ್ಲಸ್ಸಿನಲ್ಲಿ ಭದ್ರವಾಗಿತ್ತು; ಇನ್ನೊಂದು ತುದಿ ಟೇಪು ಸುತ್ತಿಸಿಕೊಂಡು ಕಾರ್ಪೆಟ್ಟಿನ ಕೆಳಗೆ, ಮುಂದಿನ ಸೀಟು ಜಾರುವ ಹಳಿಯ ಪಕ್ಕದಲ್ಲೇ ಮಲಗಿತ್ತು. ನಡುವೆ ಫ್ಯೂಸೇ ಇರಲಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಟೇಪಿನ ಅಂಟು ಕರಗಿ ಜಿಡ್ಡಾಗುತ್ತದೆ. ಇಲ್ಲಿಯೂ ಆಗಿತ್ತು, ಟೇಪು ಅರ್ಧ ಜಾರಿತ್ತು. ಈ ಕೇಬಲ್ಲು ಬ್ಯಾಟರಿಯನ್ನು ಖಾಲಿ ಮಾಡುತ್ತಿರಲಿಲ್ಲ, ಯಾವ ದೀಪವನ್ನೂ ಮಂಕು ಮಾಡುತ್ತಿರಲಿಲ್ಲ, ಆದ್ದರಿಂದ ನಾನು ಬರೆದುಕೊಟ್ಟ ದೂರುಗಳ ಪಟ್ಟಿಯಲ್ಲಿ ಅದರ ಸುಳಿವೇ ಇರಲಿಲ್ಲ. ಸೀಟನ್ನು ಹಿಂದಕ್ಕೆ ಸರಿಸಿದ ಯಾವುದೋ ಒಂದು ದಿನ ಅದು ಹಳಿಗೆ ತಗುಲಿದ್ದರೆ, ತಡೆಯುವ ಫ್ಯೂಸಿಲ್ಲದೆ ನೂರಾರು ಆಂಪ್ ಹರಿದು ಕಾರ್ಪೆಟ್ಟು ಹೊತ್ತಿಕೊಳ್ಳುತ್ತಿತ್ತು. ಮಾಲೀಕರು ಅದನ್ನು ಬ್ಯಾಟರಿಯ ಕಡೆಯಿಂದ ಮೊದಲು ಬಿಚ್ಚಿ, ಆಮೇಲೆ ಹೊರಗೆಳೆದರು. ಹಳೆಯ ಗಾಡಿಯಲ್ಲಿ ಮ್ಯೂಸಿಕ್ ಸಿಸ್ಟಂ ತೆಗೆಸಿದವರು ಯಾರೇ ಇರಲಿ, ಇವತ್ತೇ ಬಾನೆಟ್ಟು ಎತ್ತಿ ಬ್ಯಾಟರಿಯ ಪ್ಲಸ್ಸಿನಲ್ಲಿ ಎಷ್ಟು ವೈರುಗಳಿವೆ, ಅವು ಎಲ್ಲಿ ಕೊನೆಗೊಳ್ಳುತ್ತವೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಬಿಸಿಲಲ್ಲಿ ಹೊತ್ತಿಕೊಳ್ಳದ ತೊಂದರೆಗೆ ಒಂದಿಡೀ ದಿನ ಹಿಡಿಯಿತು. ತೊಂದರೆ ಬರುವವರೆಗೆ ಕಾಯಬೇಕಾದದ್ದೇ ಅದಕ್ಕೆ ಕಾರಣ. ಮಧ್ಯಾಹ್ನದವರೆಗೆ ಗಾಡಿಯನ್ನು ನೆರಳಿಲ್ಲದ ಕಡೆ ನಿಲ್ಲಿಸಿಟ್ಟು, ಸೆಲ್ಫ್ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದ ಗಳಿಗೆ ಬಂದಾಗ ಕೆಲಸಕ್ಕೆ ಕೂತರು. ಈ ಎಂಜಿನ್ನಿನಲ್ಲಿ ಕೀ ತಿರುಗಿಸಿದ ಕೂಡಲೇ ಟ್ಯಾಂಕಿನ ಪೆಟ್ರೋಲ್ ಪಂಪು ಎರಡು ಮೂರು ಸೆಕೆಂಡು ಓಡಿ ನಿಲ್ಲುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ಕಿವಿಯಿಟ್ಟರೆ ಗುಂಯ್ ಎಂಬ ಸದ್ದು ಕೇಳಿಸುತ್ತದೆ. ಅಂದು ಕೇಳಿಸಿದ್ದು ನೊಣದ ಸದ್ದಿನಷ್ಟು. ಹಿಂದಿನ ಗ್ಯಾರೇಜಿನವರು ಪಂಪಿನ ಕನೆಕ್ಟರನ್ನು ಬಿಚ್ಚಿ ಅಳೆದು, 12 ವೋಲ್ಟ್ ಪೂರ್ತಿ ಬರುತ್ತಿದೆಯೆಂದು ಹೇಳಿ ಕೈತೊಳೆದುಕೊಂಡಿದ್ದರು. ಅವರ ಅಳತೆ ಸುಳ್ಳಾಗಿರಲಿಲ್ಲ. ಮಲ್ಟಿಮೀಟರು ತಾನಾಗಿ ಕರೆಂಟನ್ನು ಎಳೆದುಕೊಳ್ಳುವುದು ಏನೇನೂ ಇಲ್ಲದಷ್ಟು ಕಡಿಮೆಯಾದ್ದರಿಂದ, ಜಾಯಿಂಟಿನಲ್ಲಿ ಒಂದೇ ಒಂದು ಎಳೆ ತಾಗಿಕೊಂಡಿದ್ದರೂ ಅದು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಹೊರೆ ಬಿದ್ದಾಗ ಮಾತ್ರ ಆ ಎಳೆಯ ಬಂಡವಾಳ ಬಯಲಾಗುತ್ತದೆ. ಇವರು ಕನೆಕ್ಟರನ್ನು ಬಿಚ್ಚದೆ, ಹಿಂಬದಿಯಿಂದ ಸೂಜಿ ತೂರಿಸಿ, ಪಂಪು ಓಡುವ ಆ ಎರಡು ಸೆಕೆಂಡಿನಲ್ಲಿಯೇ ಅಳೆದರು. ಬ್ಯಾಟರಿಯಲ್ಲಿ 12.4, ಪಂಪಿನಲ್ಲಿ 9.1.

ಮೂರು ವೋಲ್ಟಿಗಿಂತ ಹೆಚ್ಚು ದಾರಿಯಲ್ಲಿ ಎಲ್ಲೋ ಉದುರುತ್ತಿತ್ತು. ನಕ್ಷೆ ಹಿಡಿದು ಪಂಪಿನ ದಾರಿಯ ಒಂದೊಂದು ತಾಣದಲ್ಲೂ ಅಳೆಯುತ್ತಾ ಬಂದಾಗ, ಸ್ಟೀರಿಂಗ್ ಕೆಳಗಿನ ಒಂದು ಟೇಪಿನ ಗಂಟಿನ ಆಚೆಗೆ ಒಂಬತ್ತು, ಈಚೆಗೆ ಹನ್ನೆರಡು ಬಂತು. ಅಲಾರಂ ಹಾಕಿದವರು ಕಳ್ಳತನ ತಡೆಯಲು ಪಂಪಿನ ವೈರನ್ನು ಅಲ್ಲಿ ಕತ್ತರಿಸಿ ನಡುವೆ ರಿಲೇ ಕೂರಿಸಿದ್ದರು. ಕಿತ್ತವರು ರಿಲೇಯನ್ನು ತೆಗೆದು, ಎರಡು ತುದಿಗಳನ್ನು ಬೆರಳಲ್ಲಿ ತಿರುಚಿ, ಟೇಪು ಸುತ್ತಿದ್ದರು. ತಾಮ್ರ ಕಪ್ಪಗಾಗಿತ್ತು, ತಿರುಚು ಸಡಿಲಾಗಿತ್ತು; ಬಿಸಿಗೆ ಇನ್ನಷ್ಟು ಬಿಡುತ್ತಿತ್ತು, ತಂಪಿಗೆ ಹೇಗೋ ಕೂಡಿಕೊಳ್ಳುತ್ತಿತ್ತು. ಕಪ್ಪಾದ ತುದಿಗಳನ್ನು ಕತ್ತರಿಸಿ, ಅದೇ ದಪ್ಪದ ಒಂದು ಗೇಣು ಹೊಸ ವೈರನ್ನು ಸೇರಿಸಿದ ಮೇಲೆ ಪಂಪಿನಲ್ಲಿ 12.2 ಬಂತು. ಆ ದಿನದಿಂದ ಇವತ್ತಿನವರೆಗೆ ಗಾಡಿ ಒಮ್ಮೆಯೂ ಹಟ ಮಾಡಿಲ್ಲ.

ಹಿಂದಿನ ದೀಪಗಳ ಗೊಂದಲ ಅರ್ಧ ಗಂಟೆಯ ಕೆಲಸವಾಗಿತ್ತು. ಒಂದು ದೀಪವನ್ನು ಹೊತ್ತಿಸಿದರೆ ಸಂಬಂಧವಿಲ್ಲದ ಇನ್ನೊಂದು ಮಂಕಾಗಿ ಹೊತ್ತಿಕೊಳ್ಳುತ್ತಿದ್ದರೆ ಮೊದಲು ಅರ್ಥ್ (ಗಾಡಿಯ ಲೋಹದ ಮೈಯ ಮೂಲಕ ಕರೆಂಟು ಬ್ಯಾಟರಿಗೆ ಮರಳುವ ಜೋಡಣೆ) ನೋಡಬೇಕು ಎಂದರು. ಲೋಹದ ಮೈಗೆ ಮರಳುವ ಆ ದಾರಿ ಮುಚ್ಚಿದಾಗ ಕರೆಂಟು ಪಕ್ಕದ ಬಲ್ಬಿನ ತಂತಿಯೊಳಗಿಂದ ಬೇರೆ ದಾರಿ ಹುಡುಕಿಕೊಳ್ಳುತ್ತದೆ; ಇಂಡಿಕೇಟರಿನ ಮೂಲಕ ಹರಿಯುವ ಕರೆಂಟು ಕಡಿಮೆಯಾದಾಗ ಅದನ್ನು ಮಿನುಗಿಸುವ ಫ್ಲ್ಯಾಷರು ಬಲ್ಬೊಂದು ಸುಟ್ಟಿದೆಯೆಂದು ತಿಳಿದು ವೇಗವಾಗಿ ಮಿನುಗುತ್ತದೆ. ರಿವರ್ಸ್ ಹಾರ್ನನ್ನು ಕೀಳುವಾಗ ಡಿಕ್ಕಿಯಲ್ಲಿನ ಅರ್ಥ್ ಬೋಲ್ಟನ್ನು ಬಿಚ್ಚಿ, ಬಣ್ಣ ಮತ್ತು ನಮ್ಮ ಜಿಲ್ಲೆಯ ಕೆಂಪು ಅದಿರು ಧೂಳಿನ ಮೇಲೆಯೇ ಮತ್ತೆ ಬಿಗಿದಿದ್ದರು. ಬ್ರೇಕ್ ಒತ್ತಿ ದೀಪದ ಅರ್ಥಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದಾಗ 4.8 ವೋಲ್ಟ್ ಬಂತು. ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಗ್ರೀಸು ಸವರಿ ಬಿಗಿದ ಮೇಲೆ 0.05.

ಹೆಡ್‌ಲೈಟಿನ ಕಥೆ ಚಿಕ್ಕದು. ಗ್ಯಾರೇಜಿನವರು ರಿಲೇ ಕಿಟ್ಟನ್ನು ತೆಗೆದು, ಅದರ ಆಸರೆಯಲ್ಲಿ ಉರಿಯುತ್ತಿದ್ದ 100/90 ಬಲ್ಬುಗಳನ್ನು ಮಾತ್ರ ಬಿಟ್ಟಿದ್ದರು. 60/55 ವ್ಯಾಟಿಗೆ ಮಾಡಿದ ಸ್ವಿಚ್ಚಿನಲ್ಲಿ ಹೈಬೀಮಿಗೆ ಹದಿನಾರು ಆಂಪಿಗೂ ಹೆಚ್ಚು ಹರಿದು, ಒಳಗಿನ ಪ್ಲಾಸ್ಟಿಕ್ಕು ಕಂದಾಗಿತ್ತು. ಹೀಗೆ ಬಿಸಿಯಾಗುವ ಸ್ವಿಚ್ಚಿನಲ್ಲಿ ವೋಲ್ಟೇಜು ಉದುರುತ್ತದೆ; ಅದು ನೂರಕ್ಕೆ ಹತ್ತು ಇಳಿದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ದೊಡ್ಡ ಬಲ್ಬು ಹಾಕಿಕೊಂಡು ನಾನು ಇಷ್ಟು ದಿನ ಮಂಕು ಬೆಳಕಿನಲ್ಲಿ ಓಡಿಸುತ್ತಿದ್ದೆ. 60/55 ಬಲ್ಬು, ಹೊಸ ಹೋಲ್ಡರು, ಹೊಸ ಸ್ವಿಚ್ಚು. ಕುಡಿತಿನಿಯಿಂದ ರಾತ್ರಿ ಲಾರಿಗಳ ಸಾಲಿನ ಹಿಂದೆ ಬಂದಾಗ ವ್ಯತ್ಯಾಸ ಕಾಣಿಸಿತು.

ಕೆಲಸದ ಗುಣಮಟ್ಟದ ಬಗ್ಗೆ ನನ್ನದೊಂದು ತಕರಾರಿದೆ. ಅವರು ಎಲ್ಲ ಜಾಯಿಂಟುಗಳನ್ನೂ ಸೋಲ್ಡರ್ ಮಾಡುತ್ತಾರೆ, ಅಂದರೆ ತವರ ಕರಗಿಸಿ ಬೆಸೆಯುತ್ತಾರೆ. ಸೋಲ್ಡರ್ ಹೀರಿಕೊಂಡ ವೈರು ಕಡ್ಡಿಯಂತೆ ಬಿರುಸಾಗುತ್ತದೆ, ಸದಾ ಅದುರುವ ಗಾಡಿಯಲ್ಲಿ ಆ ಬಿರುಸು ಮುಗಿಯುವ ಅಂಚಿನಲ್ಲೇ ಮುರಿಯುವ ಸಂಭವ ಹೆಚ್ಚು. ಸರಿಯಾದ ಇಕ್ಕಳದಲ್ಲಿ ಒತ್ತಿದ ಕ್ರಿಂಪ್ ಜಾಯಿಂಟೇ ಮೇಲು ಎಂಬುದು ನನ್ನ ತಿಳುವಳಿಕೆ. ಹೇಳಿದಾಗ ಅವರು ವಾದ ಮಾಡಲಿಲ್ಲ, ಒಪ್ಪಲೂ ಇಲ್ಲ. ಪ್ರತಿ ಜಾಯಿಂಟಿನ ಮೇಲೆ ಶಾಖಕ್ಕೆ ಕುಗ್ಗುವ ಕೊಳವೆಯನ್ನು ಏರಿಸಿ, ಎರಡೂ ಬದಿಯಲ್ಲಿ ವೈರು ಅಲುಗದಂತೆ ಕಟ್ಟಿ ತೋರಿಸಿದರು. ಹಾಗೆ ಕಟ್ಟಿದ ಮೇಲೆ ನನ್ನ ತಕರಾರಿನ ತೂಕ ಅರ್ಧವಾಯಿತೆಂದು ಒಪ್ಪುತ್ತೇನೆ.

ದೂರುಗಳಿಗೆ ಬರೋಣ. ಒಂದೂವರೆ ದಿನವೆಂದು ಹೇಳಿ ಮೂರು ದಿನ ತೆಗೆದುಕೊಂಡರು. ಫೋನು ಎತ್ತುವುದು ಅವರ ಮರ್ಜಿ. ಕಾಯುವವರಿಗೆ ಒಂದು ಸ್ಟೂಲು ಬಿಟ್ಟರೆ ಆಸನವಿಲ್ಲ, ಮೇ ತಿಂಗಳಲ್ಲಿ ಆ ತಗಡಿನ ಕೆಳಗೆ ಕೂರುವುದು ಶಿಕ್ಷೆಯೇ. ಬಿಲ್ಲು ಬರೆಯುವ ಪದ್ಧತಿಯಿಲ್ಲ; ಕೂಲಿ 2,800, ಸಾಮಾನು 1,650 ಎಂದು ಬಾಯಲ್ಲೇ ಲೆಕ್ಕ ಹೇಳಿದರು, ನಾನು ಒತ್ತಾಯಿಸಿದ ಮೇಲೆ ಬಲ್ಬಿನ ರಟ್ಟಿನ ಹಿಂದೆ ಬರೆದುಕೊಟ್ಟರು. ಡ್ಯಾಶಿನ ಕೆಳಗಿನ ಹಲಗೆಯ ಒಂದು ಕ್ಲಿಪ್ಪು ಮುರಿದಿದ್ದನ್ನು ನಾನೇ ಕಂಡುಹಿಡಿಯಬೇಕಾಯಿತು. ಇಷ್ಟು ಹಣಕ್ಕೆ ಇನ್ನೊಬ್ಬರು ಇಡೀ ವೈರಿಂಗನ್ನೇ ಹೊಸದಾಗಿ ಹಾಕಿಕೊಡುತ್ತೇನೆಂದು ಹೇಳಿದ್ದುಂಟು. ಆದರೆ ಕಾರ್ಖಾನೆಯ ಮೂಲ ವೈರುಗಳು ಇಪ್ಪತ್ತು ವರ್ಷದ ಮೇಲೂ ಗಟ್ಟಿಯಾಗಿಯೇ ಇದ್ದವು, ಕೆಟ್ಟಿದ್ದದ್ದು ಮನುಷ್ಯರ ಕೈ ಬಿದ್ದ ಐದು ಜಾಗಗಳು ಮಾತ್ರ. ಆ ಐದು ಜಾಗಗಳನ್ನು ಅಳೆದು ತೋರಿಸಿದ್ದಕ್ಕೆ ನಾನು ಹಣ ಕೊಟ್ಟದ್ದು.

ತುರ್ತಿರುವವರು, ನಾಳೆಯೇ ತಪಾಸಣೆಗೆ ಹೋಗಬೇಕಾದವರು ಅಲ್ಲಿಗೆ ಹೋಗಬಾರದು. ಹೊಸ ಕಾಲದ ಗಾಡಿಗಳನ್ನು, ಕಂಪ್ಯೂಟರ್ ಸ್ಕ್ಯಾನರ್ ಹಚ್ಚಬೇಕಾದವನ್ನು ಅವರು ಮುಟ್ಟುವುದೇ ಇಲ್ಲ. ಹಳೆಯ 800, ಓಮ್ನಿ, ಜೀಪು, ಸುಮೋ ಇಟ್ಟುಕೊಂಡು, ಹಿಂದಿನ ಮಾಲೀಕರು ಹಾಕಿಸಿದ್ದನ್ನೆಲ್ಲ ಕಿತ್ತುಹಾಕಿಸಬೇಕೆಂದು ಇರುವವರು ಕೀಳಿಸುವ ಮೊದಲೇ ಹೋಗುವುದು ಲೇಸು. ಕಿತ್ತ ಮೇಲೆ ಹೋದರೆ ನನ್ನಂತೆ ಎರಡು ಕೂಲಿ, ಒಂದು ಬ್ಯಾಟರಿ.

ಹತ್ತು ದಿನ ಊರಲ್ಲಿಲ್ಲದೆ ಮರಳಿ ಬಂದು ಅಳೆದಾಗ ಬ್ಯಾಟರಿಯಲ್ಲಿ 12.5 ವೋಲ್ಟ್ ಇತ್ತು. ಎಡಗಡೆಯ ಬಾಗಿಲು ತೆರೆದರೆ ಒಳಗಿನ ದೀಪ ಮಾತ್ರ ಇನ್ನೂ ಹೊತ್ತಿಕೊಳ್ಳುವುದಿಲ್ಲ. ಪರೀಕ್ಷೆಗೆಂದು ಹಚ್ಚಿದ ಟೇಪನ್ನು ಆ ಬದಿಯ ಸ್ವಿಚ್ಚಿನಿಂದ ತೆಗೆಯಲು ಅವರು ಮರೆತಿದ್ದಾರೋ ಏನೋ ಎಂದು ಅನುಮಾನವಿದೆ. ಬರುವ ಭಾನುವಾರ ನಾನೇ ನೋಡುವವನಿದ್ದೇನೆ.